ಕೂಡಿಟ್ಟ ಹಣದಲ್ಲೇ ಒಂದೆರಡು ವರ್ಷ ದೇಶ ಸುತ್ತುತ್ತಾ ಬದುಕಬಹುದಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಸೇರಿಕೊಂಡಿವೆ. ಕೆಲಸ ಬಿಟ್ಟು, ಕೂಡಿಟ್ಟ ಹಣದಲ್ಲೇ ಒಂದೆರಡು ವರ್ಷ ದೇಶ ಸುತ್ತಲು ಆಗುತ್ತದಾ ಅನ್ನುವುದು ಒಂದು. ಈಗ ರೂಢಿಯಾಗಿರುವ ಓಟ, ಸೈಕಲ್, ಚಾರಣ ತಪ್ಪಿಹೋಗದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದು ಇನ್ನೊಂದು. ನಾನು ಕೆಲವು ವರ್ಷಗಳಿಂದ ಹೀಗೇ ಬದುಕುತ್ತಿದ್ದೇನೆ. ಖಂಡಿತ ಆಗುತ್ತದೆ. ಆದರೆ ವರ್ಷಕ್ಕೆ ಇಪ್ಪತ್ತು ದೇಶ ಅಂತ ಪಟ್ಟಿ ಹಾಕಿಕೊಂಡಿದ್ದೀರಲ್ಲ, ಅದನ್ನು ಹಿಡಿದು ಹೊರಟರೆ ಆಗುವುದಿಲ್ಲ.

ತಿರುಗಾಟದಲ್ಲಿ ದುಡ್ಡು ಕರಗುವುದು ಒಂದು ಕಡೆ ಇರುವುದರಿಂದಲ್ಲ, ಮತ್ತೆ ಮತ್ತೆ ಹೊರಡುವುದರಿಂದ. ಹೊಸ ಜಾಗದಲ್ಲಿ ಮೊದಲ ಮೂರು ದಿನದ ಖರ್ಚು ಬರೆದು ನೋಡಿ. ಟಿಕೆಟ್, ನಿಲ್ದಾಣದಿಂದ ಟ್ಯಾಕ್ಸಿ, ಆತುರದಲ್ಲಿ ಬುಕ್ ಮಾಡಿದ ರೂಮು, ಮಾರ್ಕೆಟ್ ಎಲ್ಲಿದೆ ಅಂತ ಗೊತ್ತಿಲ್ಲದೆ ಹೊರಗೆ ಉಂಡ ಊಟ. ಒಂದು ವಾರ ಕಳೆಯಲಿ, ಇದೆಲ್ಲ ತಾನಾಗಿಯೇ ಇಳಿಯುತ್ತದೆ. ತಿಂಗಳ ಲೆಕ್ಕದಲ್ಲಿ ಮಾತಾಡಿದರೆ ರೂಮಿನ ಬಾಡಿಗೆ ದಿನದ ದರಕ್ಕಿಂತ ಎಷ್ಟೋ ಕಮ್ಮಿಗೆ ಬರುತ್ತದೆ. ಒಲೆಯೂ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ, ಸುಸ್ತಾದವರ ಕೈ ಬಿಗಿಯಾಗಿರುವುದಿಲ್ಲ. ಎರಡು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟವರು ಮೂರನೇ ದಿನ ಕಣ್ಣು ಮುಚ್ಚಿಕೊಂಡು ದುಬಾರಿ ಹೋಟೆಲಿಗೆ ನುಗ್ಗುತ್ತಾರೆ. ಬಸ್ಸಿನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಬಾಡಿಗೆಯೇ ಇಲ್ಲದೆ ಇರುವ ದಾರಿಗಳೂ ಇವೆ. ಮನೆಯವರು ಊರಿಗೆ ಹೋದಾಗ ಅವರ ಮನೆ, ನಾಯಿ, ಬೆಕ್ಕು ನೋಡಿಕೊಳ್ಳುವ ಹೌಸ್ ಸಿಟ್ಟಿಂಗ್ ನನಗೆ ಎಲ್ಲಕ್ಕಿಂತ ಇಷ್ಟ. ನಾಯಿ ಇದ್ದರೆ ಬೆಳಗಿನ ನಡಿಗೆ ತಪ್ಪಿಸಿಕೊಳ್ಳಲು ನೆಪವೇ ಸಿಗುವುದಿಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೂಫ್ ಜಾಲದ ಮೂಲಕ ಸಾವಯವ ತೋಟಗಳಲ್ಲಿ ದಿನಕ್ಕೆ ಕೆಲವು ಗಂಟೆ ದುಡಿದು ಊಟ, ವಸತಿ ಪಡೆಯಬಹುದು. ಸೈಕಲ್‌ನಲ್ಲಿ ಹೋಗುವವರಿಗೆ ವಾರ್ಮ್‌ಶವರ್ಸ್ ಇದೆ. ಇದರಲ್ಲಿ ಸೈಕಲ್ ಸವಾರರೇ ಇನ್ನೊಬ್ಬ ಸವಾರರನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ತೋಟದ ಕೆಲಸಕ್ಕೆ ಮಾತ್ರ ಒಂದು ಎಚ್ಚರಿಕೆ. ಸಂಬಳ ಇಲ್ಲದಿದ್ದರೂ, ಊಟ ವಸತಿಗೆ ಮಾಡುವ ಕೆಲಸವನ್ನು ಹಲವು ದೇಶಗಳು ಕೆಲಸ ಅಂತಲೇ ಎಣಿಸುತ್ತವೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ. ಹೋಗುವ ದೇಶದ ನಿಯಮ ಮೊದಲೇ ಓದಿಕೊಳ್ಳಿ.

ಒಂದೊಂದು ಕಡೆ ತುಂಬಾ ದಿನ ನಿಂತು ನಿಧಾನವಾಗಿ ಸುತ್ತುವುದು ಅಂದ ಕೂಡಲೇ ವೀಸಾ ಅಡ್ಡ ಬರುತ್ತದೆ, ನಿಜ. ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ, ಯುರೋಪಿನ ಷೆಂಗೆನ್ ಗುಂಪಿನಲ್ಲಿ ಈಗ 29 ದೇಶಗಳಿವೆ. ಅಷ್ಟಕ್ಕೂ ಸೇರಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಒಂದು ದಿನ ಗಡಿ ದಾಟಿ ಬಂದರೆ ಲೆಕ್ಕ ಮೊದಲಿಂದ ಶುರುವಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಪ್ರತಿದಿನವೂ ಹಿಂದಿನ 180 ದಿನ ನೋಡುತ್ತಾರೆ. ಒಳಗೆ ಬಂದ ದಿನ, ಹೊರಗೆ ಹೋದ ದಿನ, ಎರಡೂ ಲೆಕ್ಕಕ್ಕೆ ಸೇರುತ್ತವೆ. ಟರ್ಕಿ, ಜಾರ್ಜಿಯಾ, ಸರ್ಬಿಯಾ, ಅಲ್ಬೇನಿಯಾ ಈ ಗುಂಪಿನಲ್ಲಿಲ್ಲ. ಹಾಗಾಗಿ ತುಂಬಾ ಜನ ಮೂರು ತಿಂಗಳು ಒಳಗೆ, ಮೂರು ತಿಂಗಳು ಹೊರಗೆ ಅಂತ ವರ್ಷ ಹೊಂದಿಸಿಕೊಳ್ಳುತ್ತಾರೆ. ಅಲ್ಲಿ ನಿಮಗೆ ಎಷ್ಟು ದಿನ ಸಿಗುತ್ತದೆ ಅನ್ನುವುದು ಪಾಸ್‌ಪೋರ್ಟ್ ಮೇಲೆ ಹೋಗುತ್ತದೆ.

ಇನ್ನು ವ್ಯಾಯಾಮ. ಜಿಮ್ ಹುಡುಕಬೇಡಿ. ರೂಮು ನೋಡುವಾಗ ಫೋಟೋಗಿಂತ ಮೊದಲು ಮ್ಯಾಪ್ ನೋಡಿ. ಹತ್ತಿರದಲ್ಲಿ ಪಾರ್ಕೋ, ಹೊಳೆದಂಡೆಯೋ, ಉದ್ದನೆಯ ಮೆಟ್ಟಿಲೋ ಇದ್ದರೆ ಮುಗಿಯಿತು. ಬಂದ ಮರುದಿನವೇ ಓಡಲು ಹೋದರೆ ಊರಿನ ಗುರುತೂ ಹತ್ತುತ್ತದೆ. ಒಂದು ಊರಿಂದ ಇನ್ನೊಂದಕ್ಕೆ ಹೋಗುವುದೂ ಆದಷ್ಟು ಕಾಲಿನಿಂದಲೇ ಆಗಲಿ. ಸಾಮಾನು ಹೇರಿದ ಸೈಕಲ್‌ನಲ್ಲಿ ಸಮತಟ್ಟು ದಾರಿಯಲ್ಲಿ ದಿನಕ್ಕೆ ಐವತ್ತು, ಅರವತ್ತು ಕಿಲೋಮೀಟರ್ ಆರಾಮಾಗಿ ಹೋಗಬಹುದು. ಚೆಂದದ ಸೈಕಲ್ ಬೇಡ. ಚಿಕ್ಕ ಊರಿನ ರಿಪೇರಿಯವರ ಹತ್ತಿರವೂ ಬಿಡಿಭಾಗ ಸಿಗುವಂಥದ್ದು ತಗೊಳ್ಳಿ. ನಡೆಯುವವರಾದರೆ 40 ಲೀಟರ್ ಚೀಲ ಸಾಕು. ಚೀಲ ದೊಡ್ಡದಾದಷ್ಟೂ ಬೇಡದ್ದು ತುಂಬಿಕೊಳ್ಳುತ್ತದೆ, ಅಲ್ವಾ?

ಹಣ ಉಳಿಸಲು ಹೋಗಿ ಜನ ತೊಂದರೆಗೆ ಸಿಗುವುದು ಎತ್ತರದ ಚಾರಣದಲ್ಲಿ. ದಿನ ಕಮ್ಮಿ ಮಾಡಿದರೆ ಖರ್ಚು ಕಮ್ಮಿ ಅಂತ ಅನ್ನಿಸುತ್ತದೆ. ಆದರೆ ಮೈ ಎತ್ತರಕ್ಕೆ ಒಗ್ಗಬೇಕಾದರೆ, 3000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಮೇಲೆ ಇರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ನೆ ಕೂರಬೇಕು. ನೀರು ಕುದಿಸುವುದಾದರೆ ಸಾಮಾನ್ಯವಾಗಿ ಒಂದು ನಿಮಿಷ ಕುದಿದರೆ ಸಾಕು, 2000 ಮೀಟರ್ ದಾಟಿದ ಮೇಲೆ ಮೂರು ನಿಮಿಷ. ನೀರು ಸೋಸುವ, ಟೊಳ್ಳು ನಾರಿನ ಚಿಕ್ಕ ಫಿಲ್ಟರ್ ಇದ್ದರೆ ಚಳಿಯ ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಾರು ಬಿರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಚಿಕ್ಕಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಕಾರ್ಡು ಉಜ್ಜುವಾಗ ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ, ಆ ವಿನಿಮಯ ದರ ಸಾಮಾನ್ಯವಾಗಿ ನಷ್ಟದ್ದೇ. ಎರಡು ಕಾರ್ಡು ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಹೊರಡುವ ಮುಂಚೆ ಹಲ್ಲಿನ ಡಾಕ್ಟರನ್ನು ನೋಡಿ. ಶೂ, ನಿದ್ದೆ, ವಿಮೆ, ಈ ಮೂರರಲ್ಲಿ ಜಿಪುಣತನ ಬೇಡ. ವಿಮೆಯಲ್ಲಿ ಚಾರಣಕ್ಕೆ ಎತ್ತರದ ಮಿತಿ ಎಷ್ಟು, ಬಾಡಿಗೆ ಬೈಕು ಬಿದ್ದರೆ ಯಾವ ಲೈಸೆನ್ಸ್ ಕೇಳುತ್ತಾರೆ, ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ.

ಸೈಕಲ್ ಆರಿಸಿಕೊಂಡರೆ ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿಕೊಂಡು ಹೊರಡುವುದು ಒಳ್ಳೆಯದು. ಹಾಕಿಸಿಕೊಂಡಿದ್ದರೂ ನಾಯಿ ಕಚ್ಚಿದರೆ ಮತ್ತೆ ಚುಚ್ಚುಮದ್ದು ಬೇಕೇ ಬೇಕು. ಆದರೆ ಎಷ್ಟೋ ಕಡೆ ಸುಲಭವಾಗಿ ಸಿಗದ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಬೇಕಾಗುವುದಿಲ್ಲ. ಗಾಯವನ್ನು ಕೂಡಲೇ ಸೋಪು, ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ. ನಾನು ಕಂಡ ಹೆಚ್ಚಿನ ನಾಯಿಗಳಿಗೆ ಸಿಟ್ಟು ತಿರುಗುವ ಚಕ್ರದ ಮೇಲೆ ಮಾತ್ರ.