ಹೊಸಬರು ಮೊದಲು ಯಾವ ರೂಟರ್ ಬಿಟ್ ಕೊಳ್ಳಬೇಕು?

ಡೊಂಬಿವಲಿಯ ಮನೆ ಬಾಲ್ಕನಿಯಲ್ಲಿ ಪ್ಲೈವುಡ್ ಕಪಾಟು ಮಾಡಲು ಟ್ರಿಮ್ಮರ್, ಅಂದರೆ ಮರದ ಅಂಚು ಸವರುವ, ಗ್ರೂವ್ ಕೊರೆಯುವ ಸಣ್ಣ ರೂಟರ್ ಮಷಿನ್, ಕೊಂಡಿದ್ದೀರಿ. ಮುಂಬೈನ ನಾಗದೇವಿ ಸ್ಟ್ರೀಟಿನಲ್ಲಿ ತೋರಿಸಿದ 12 ಬಿಟ್‌ಗಳ (ಮಷಿನ್ನಿಗೆ ಹಾಕುವ ಕತ್ತರಿಸುವ ಅಲಗುಗಳ) ಡಬ್ಬಿ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ಬೇಡ ಅಂತೀನಿ. ಅರ್ಧಕ್ಕಿಂತ ಜಾಸ್ತಿ ಬಿಟ್ ಸುಮ್ನೆ ಡಬ್ಬಿಯಲ್ಲೇ ಉಳಿಯುತ್ತವೆ. ಗ್ರೂವ್ ಹೊಡೆಯಲು ಒಂದು ಸ್ಟ್ರೇಟ್ ಬಿಟ್, ಮೈಕಾ ಅಂಚು ಸವರಲು ಬೇರಿಂಗ್ ಇರುವ ಫ್ಲಶ್ ಟ್ರಿಮ್, ಮೂಲೆ ದುಂಡಗೆ ಮಾಡಲು ರೌಂಡ್ ಓವರ್. ಇಷ್ಟು ಸಾಕು.

ಮೊದಲು ನೋಡಬೇಕಾದದ್ದು ಶ್ಯಾಂಕ್, ಅಂದರೆ ಮಷಿನ್ನಿಗೆ ಸಿಕ್ಕಿಸುವ ದಂಡ. ಕಾಲು ಇಂಚಿನ ಶ್ಯಾಂಕ್ ಅಂದರೆ 6.35 ಮಿ.ಮೀ. ದಪ್ಪ. ಅಂಗಡಿಯಲ್ಲಿ 6 ಮಿ.ಮೀ. ಬಿಟ್ ಕೊಟ್ಟು "ಎರಡೂ ಒಂದೇ" ಅಂದುಬಿಡುತ್ತಾರೆ. ಒಂದೇ ಅಲ್ಲ! ಕಾಲು ಇಂಚಿನ ಕಾಲೆಟ್ (ಮಷಿನ್ನಿನಲ್ಲಿ ಶ್ಯಾಂಕ್ ಹಿಡಿಯುವ ಭಾಗ) ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ನನ್ನದು ಹಾಗೇ ಜಾರಿ ಒಂದು ಒಳ್ಳೆಯ ಸಾಗುವಾನಿ ಹಲಗೆ ಹಾಳಾಯಿತು. ಕಾಲೆಟ್ ಮೇಲಿನ ಅಳತೆ ಓದಿಕೊಂಡೇ ಹೋಗಿ.

ಅಲಗು ಕಾರ್ಬೈಡಿನದೇ ಇರಲಿ. ಪ್ಲೈವುಡ್ಡಿನ ಅಂಟು ಬರೀ ಸ್ಟೀಲ್ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಒಂದು ಸಲಕ್ಕೆ 3 ಮಿ.ಮೀ.ಗಿಂತ ಆಳ ಹೋಗಬೇಡಿ. ಕಣ್ಣಿನ ರಕ್ಷಣೆಗೆ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ.