ಸ್ಕ್ಯಾನ್ ನಾರ್ಮಲ್, ಮಗ ಮಾತ್ರ ಮೊದಲಿನಂತಿಲ್ಲ

ಕೂರುವ ಮೊದಲೇ ಅಪ್ಪ ಎಂಆರ್‌ಐ ಫಿಲ್ಮಿನ ದೊಡ್ಡ ಕವರ್ ಮೇಜಿನ ಮೇಲಿಟ್ಟರು. "ಎಲ್ಲ ನಾರ್ಮಲ್ ಅಂತ ಬರೆದಿದ್ದಾರೆ ಮೇಡಂ. ಹಾಗಾದ್ರೆ ಇವನು ನಾಟಕ ಮಾಡ್ತಿದ್ದಾನಾ?" 19 ವರ್ಷದ ಮಗ ತಲೆ ಎತ್ತಲಿಲ್ಲ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಎಂಜಿನಿಯರಿಂಗ್ ಎರಡನೇ ವರ್ಷ. ಐದು ತಿಂಗಳಿಂದ ನಿದ್ದೆ ಸರಿಯಿಲ್ಲ, ಗೆಳೆಯರ ಫೋನ್ ಎತ್ತುವುದಿಲ್ಲ, ಸ್ನಾನಕ್ಕೂ ಅಮ್ಮ ಹತ್ತು ಸಲ ಹೇಳಬೇಕು. ಸೋದರಮಾವನಿಗೆ ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ದನಿ ಕೇಳುವ, ಗಟ್ಟಿ ಅನುಮಾನ ಕಾಡುವ ಮಾನಸಿಕ ಕಾಯಿಲೆ. ಅಮ್ಮನ ಭಯ ಅದೇ. "ರಕ್ತ ಪರೀಕ್ಷೆ ಮಾಡಿಸಿದ್ರೆ ಮೊದಲೇ ಗೊತ್ತಾಗಲ್ವಾ?"

ಇಲ್ಲ, ಸದ್ಯಕ್ಕಂತೂ ಇಲ್ಲ. ಸೈಕೋಸಿಸ್ (ಯಾವುದು ನಿಜ, ಯಾವುದು ಭ್ರಮೆ ಎಂದು ತಿಳಿಯದಾಗುವ ಸ್ಥಿತಿ) ಶುರುವಾಗುವ ಮುನ್ನವೇ ಹಿಡಿಯಬೇಕೆಂದು ಮಿದುಳಿನ ಹೊರಪದರದ ದಪ್ಪ, ಇಇಜಿಯಲ್ಲಿ ಕಾಣುವ ಮಿದುಳಿನ ವಿದ್ಯುತ್ ಅಲೆಗಳು, ರಕ್ತದಲ್ಲಿನ ಉರಿಯೂತದ ಗುರುತುಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ತುಂಬಾ ಜನರ ಸರಾಸರಿ ತೆಗೆದರೆ ವ್ಯತ್ಯಾಸ ಕಾಣುತ್ತದೆ. ಆದರೆ ಎದುರಿಗೆ ಕೂತ ಈ ಒಬ್ಬ ಹುಡುಗನಿಗೆ ಬರುತ್ತದೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಡಾಕ್ಟರು ಸ್ಕ್ಯಾನ್, ಥೈರಾಯ್ಡ್, ಬಿ12 ಬರೆಯುವುದು ಬೇರೆ ಕಾಯಿಲೆಯಿಂದ ಹೀಗಾಗುತ್ತಿದೆಯಾ ಎಂದು ನೋಡಲು. ನಾರ್ಮಲ್ ಬಂದರೆ ಗಡ್ಡೆಯಂಥದ್ದು ಕಾಣಲಿಲ್ಲ ಎಂದರ್ಥ, ಹುಡುಗನ ಸಂಕಟ ಸುಳ್ಳು ಎಂದಲ್ಲ. ಅಪ್ಪನಿಗೆ ಇದನ್ನು ಎರಡು ಸಲ ಹೇಳಿದೆ. ಆ ರಿಪೋರ್ಟ್ ಹಿಡಿದೇ ಮನೆಯಲ್ಲಿ ದಿನವೂ ಬೈಗುಳ ನಡೆದಿತ್ತು.

ಆಮೇಲೆ ಹುಡುಗನನ್ನು ಮಾತ್ರ ಕೂರಿಸಿಕೊಂಡು ಮಾತಾಡಿದೆ. "ಕ್ಲಾಸಲ್ಲಿ ಎಲ್ಲರೂ ನನ್ನ ಬಗ್ಗೆನೇ ಮಾತಾಡ್ತಾರೆ ಅನ್ಸುತ್ತೆ. ಇಲ್ವೇನೋ, ಗೊತ್ತಿಲ್ಲ." ಆ 'ಇಲ್ವೇನೋ' ಕೇಳಿ ನನಗೆ ಸ್ವಲ್ಪ ಉಸಿರು ಬಂತು. ಅನುಮಾನ ಇನ್ನೂ ಗಟ್ಟಿಯಾಗಿ ಕೂತಿಲ್ಲ. ಹಾಸ್ಟೆಲ್ಲಿನಲ್ಲಿ ಗಾಂಜಾ ಸೇದಿದ್ದನ್ನೂ ಹೇಳಿಕೊಂಡ. ಅಪ್ಪನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ನಿನಗೆ ಅದು ಬೇರೆಯವರಿಗಿಂತ ಜಾಸ್ತಿ ಅಪಾಯ, ಪೂರ್ತಿ ಬಿಡಬೇಕು ಎಂದೆ.

ಮನೆಯವರಿಗೆ ಹೇಳಿದ್ದು ಇಷ್ಟು. ಈ ವಾರವೇ ಮನೋವೈದ್ಯರಿಗೆ ತೋರಿಸಿ, ಇನ್ನೊಂದು ಸ್ಕ್ಯಾನಿಗೆ ದುಡ್ಡು ಸುರಿಯಬೇಡಿ. ಇಂಥ ಆರಂಭದ ಲಕ್ಷಣ ಇರುವವರಲ್ಲಿ ಮೂರು ವರ್ಷದೊಳಗೆ ಸೈಕೋಸಿಸ್ ಆಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಮಾವನಿಗಿದೆ ಅಂದಮಾತ್ರಕ್ಕೆ ಇವನಿಗೂ ಬಂದೇಬರುತ್ತದೆ ಎಂದೇನಿಲ್ಲ. ಅಮ್ಮ ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ಊಟ, ಹೊರಗೆ ಹೋದದ್ದು ಬರೆದಿಡಲಿ, ಮಗನಿಗೆ ಹೇಳಿಯೇ. ಡಾಕ್ಟರಿಗೆ ಅದು ಫಿಲ್ಮಿಗಿಂತ ಜಾಸ್ತಿ ಉಪಯೋಗ. ಅವನ ಅನುಮಾನದ ಜೊತೆ ವಾದ ಬೇಡ, ಗೇಲಿಯಂತೂ ಬೇಡವೇ ಬೇಡ. ಕಿವಿಯಲ್ಲಿ ದನಿ ಕೇಳುತ್ತಿದೆ ಎಂದರೆ, ಸಾಯುವ ಮಾತಾಡಿದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೋವೈದ್ಯರು ಸದ್ಯಕ್ಕೆ ಮಾತ್ರೆ ಬರೆಯದೆ ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದ್ದಾರೆ. ನಾಲ್ಕನೇ ಸಲ ನನ್ನ ಹತ್ತಿರ ಬಂದಾಗ ಅಪ್ಪನ ಕೈಯಲ್ಲಿ ಕವರ್ ಇರಲಿಲ್ಲ. ಅನುಮಾನ ಹೋಗಿಲ್ಲ. ಆದರೆ ಹುಡುಗ ಆ ವಾರ ಎರಡು ದಿನ ಕ್ಲಾಸಿಗೆ ಹೋಗಿದ್ದ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು.