ವಿಶ್ವವಿದ್ಯಾಲಯದಲ್ಲಿ ‘ಕ್ಯಾನ್ಸರ್‌ಗೆ ಮದ್ದು ಪತ್ತೆ’ ಎಂಬ ಸುದ್ದಿಯನ್ನು ಎಷ್ಟು ನಂಬಬೇಕು?

ತಮ್ಮ ಮಗಳು ಎಂ.ಎಸ್ಸಿ. ಓದುತ್ತಿರುವ ಜೀವಶಾಸ್ತ್ರ ವಿಭಾಗದಲ್ಲಿ ಕ್ಯಾನ್ಸರ್‌ಗೆ ಮದ್ದು ಪತ್ತೆಯಾಗಿದೆ ಎಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿದೆ, ಅದನ್ನು ನಂಬಬಹುದೇ, ಉತ್ಪ್ರೇಕ್ಷೆಯಾಗಿದ್ದರೆ ತಪ್ಪು ವರದಿಗಾರರದೇ ಎಂದು ತಾವು ಕೇಳಿದ್ದೀರಿ. ನಾನು ವಿಜಯಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಹಿಂದೆ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇಂಥದೇ ಸುದ್ದಿಯೊಂದು ನನ್ನ ಕೆಲಸದ ಬಗ್ಗೆಯೇ ಬಂದಿತ್ತು. ಆ ಅನುಭವದಿಂದ ಹೇಳುವುದಾದರೆ, ತಪ್ಪು ಬಹಳಷ್ಟು ಸಲ ಪತ್ರಿಕಾ ಕಚೇರಿಯನ್ನು ಮುಟ್ಟುವ ಮೊದಲೇ, ಸಂಶೋಧಕರಾದ ನಮ್ಮ ಕಡೆಯಲ್ಲೇ ಆಗಿರುತ್ತದೆ.

ನಾವು ಮಾಡಿದ್ದು ಇಷ್ಟು. ನಮ್ಮ ಭಾಗದ ಹೊಲದ ಬದುಗಳಲ್ಲಿ ಬೆಳೆಯುವ ಗಿಡವೊಂದರ ಎಲೆಗಳನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಅದರ ಸಾರ ತೆಗೆದು, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿದ್ದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದೆವು. (ಗಿಡದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಬರೆದರೆ ನಾಳೆ ಯಾರಾದರೂ ಕಷಾಯ ಕಾಯಿಸಿಯಾರು.) ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಸಣ್ಣ ಗುಳಿಗಳಿರುತ್ತವೆ. ಅವುಗಳಿಗೆ ಎಂಟಿಟಿ ಎಂಬ ಹಳದಿ ರಾಸಾಯನಿಕವನ್ನು ಹಾಕಿದಾಗ ಜೀವಂತ ಕೋಶಗಳು ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ, ಆದ್ದರಿಂದ ನೇರಳೆ ಕಡಿಮೆಯಾದಷ್ಟೂ ಬದುಕುಳಿದ ಕೋಶಗಳು ಕಡಿಮೆ ಎಂದು ಲೆಕ್ಕ. ನಮ್ಮ ಸಾರ ಹಾಕಿದ ಗುಳಿಗಳಲ್ಲಿ ನೇರಳೆ ಕಡಿಮೆಯಾಗಿತ್ತು. ಹೋಲಿಕೆಗೆಂದು ಇಟ್ಟಿದ್ದ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈಗಾಗಲೇ ಬಳಕೆಯಲ್ಲಿರುವ ಡಾಕ್ಸೊರುಬಿಸಿನ್ ಔಷಧವು ಎಷ್ಟೋ ಪಟ್ಟು ಕಡಿಮೆ ಪ್ರಮಾಣದಲ್ಲಿ ಅದೇ ಕೆಲಸವನ್ನು ಮಾಡಿತ್ತು. ಹಾಗೆ ನೋಡಿದರೆ ಆ ತಟ್ಟೆಯಲ್ಲಿ ಉಪ್ಪು ಹೆಚ್ಚಾದರೂ ಕೋಶಗಳು ಸಾಯುತ್ತವೆ.

ಪ್ರಬಂಧದಲ್ಲಿ ನಾವು ‘ಕೋಶಗಳ ಬೆಳವಣಿಗೆಯನ್ನು ತಡೆಯುವ ಲಕ್ಷಣ ಕಂಡುಬಂದಿದೆ’ ಎಂದು ಬರೆದಿದ್ದೆವು. ವಿಭಾಗದಿಂದ ಹೊರಟ ಪತ್ರಿಕಾ ಪ್ರಕಟಣೆಯಲ್ಲಿ ಅದು ‘ಕ್ಯಾನ್ಸರ್ ನಿಯಂತ್ರಿಸುವ ಶಕ್ತಿ’ ಎಂದಾಯಿತು. ಅದರ ಕರಡನ್ನು ನಾನೂ ಓದಿದ್ದೆ, ಖುಷಿಯಲ್ಲಿ ಸುಮ್ಮನಿದ್ದೆ. ಅದೇ ದಿನ ಅಪಘಾತ, ಬೆಳೆಹಾನಿ, ಜಿಲ್ಲಾ ಪಂಚಾಯಿತಿ ಸಭೆ ಎಲ್ಲವನ್ನೂ ಬರೆಯಬೇಕಿದ್ದ ವರದಿಗಾರರು ಪ್ರಕಟಣೆಯನ್ನು ಇದ್ದಂತೆಯೇ ಕಳುಹಿಸಿದರು. ಶೀರ್ಷಿಕೆ ಕೊಟ್ಟವರು ಡೆಸ್ಕಿನಲ್ಲಿದ್ದ ಬೇರೆ ಯಾರೋ. ಬೆಳಗಾಗುವಷ್ಟರಲ್ಲಿ ಅದು ‘ಮದ್ದು’ ಆಗಿತ್ತು.

ಮೂರನೆಯ ದಿನ ಸಿಂದಗಿ ಕಡೆಯ ಹಿರಿಯರೊಬ್ಬರು ಬಸ್ಸು ಹಿಡಿದು ವಿಭಾಗಕ್ಕೆ ಬಂದರು. ಒಂದು ಕೈಯಲ್ಲಿ ಹೆಂಡತಿಯ ಆಸ್ಪತ್ರೆಯ ಫೈಲು, ಇನ್ನೊಂದರಲ್ಲಿ ಒಳಗೆಲ್ಲ ಬೆವರಿದಂತಾಗಿದ್ದ ಪ್ಲಾಸ್ಟಿಕ್ ಚೀಲ, ಅದರ ತುಂಬ ಎಲೆ. “ಸರ, ಇದನ್ನ ಕುದಿಸಿ ಕುಡಸಬೇಕೋ, ಹಸೀದ ಅರದು ಕೊಡಬೇಕೋ?” ಎಂದು ಕೇಳಿದರು. ಆ ಎಲೆ ನಮ್ಮ ಗಿಡದ್ದೇ ಆಗಿರಲಿಲ್ಲ. ಪತ್ರಿಕೆಯಲ್ಲಿ ಆಡುಮಾತಿನ ಹೆಸರಷ್ಟೇ ಬಂದಿತ್ತು, ಅವರ ಊರಿನಲ್ಲಿ ಆ ಹೆಸರಿನಿಂದ ಕರೆಯುವುದು ಬೇರೊಂದು ಗಿಡವನ್ನು. ನಾವು ಪಟ್ಟುಹಿಡಿದ ಮೇಲೆ ಒಂಬತ್ತು ದಿನಕ್ಕೆ ಒಳಪುಟದಲ್ಲಿ ನಾಲ್ಕು ಸಾಲಿನ ಸ್ಪಷ್ಟೀಕರಣ ಬಂತು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸಲು ವಿಭಾಗದಲ್ಲಿ ಇಟ್ಟಿದ್ದ ಕಡತಕ್ಕೆ ಅಂಟಿಸಿದ್ದು ಮೊದಲ ಸುದ್ದಿಯನ್ನು ಮಾತ್ರ.

ಇದು ನಮ್ಮ ಜಿಲ್ಲೆಗಳಿಗೆ ಸೀಮಿತವಾದ ರೋಗವಲ್ಲ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳ ಬಗೆಗಿನ ಪ್ರಕಟಣೆಗಳಲ್ಲಿ, ಫಲವನ್ನು ಮನುಷ್ಯರಿಗೆ ಅನ್ವಯಿಸಿ ಹಿಗ್ಗಿಸಿದ್ದವುಗಳ ಪಾಲು 36% ಇತ್ತು. ಪ್ರಕಟಣೆಯೇ ಹಿಗ್ಗಿಸಿದ್ದಾಗ 86% ಸುದ್ದಿಗಳು ಹಿಗ್ಗಿದ್ದವು, ಪ್ರಕಟಣೆ ಹದವಾಗಿದ್ದಾಗ 10% ಮಾತ್ರ. ಹಿಗ್ಗಿಸಿದ್ದರಿಂದ ಸುದ್ದಿಗೆ ಹೆಚ್ಚು ಜಾಗ ಸಿಕ್ಕಿತು ಎಂಬುದಕ್ಕೂ ಅಲ್ಲಿ ಹೇಳಿಕೊಳ್ಳುವಂಥ ಆಧಾರ ಕಂಡುಬರಲಿಲ್ಲ. ಹೀಗಿರುವಾಗ ವರದಿಗಾರರನ್ನಷ್ಟೇ ದೂರುವುದು ನನಗೆ ನ್ಯಾಯವೆನಿಸುವುದಿಲ್ಲ.

ಹಾಗೆಂದು ತಮ್ಮ ಮಗಳ ವಿಭಾಗದ ಕೆಲಸ ಸುಳ್ಳೆಂದೇನೂ ಅಲ್ಲ. ಗಿಡದಿಂದ ಮದ್ದು ಬಂದದ್ದುಂಟು. ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. ನಮ್ಮ ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರದಲ್ಲಿಯೂ ಅದು ಇದೆ. 1970ರ ದಶಕದಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಗಳು ತೀವ್ರ ಅಡ್ಡಪರಿಣಾಮಗಳಿಂದಾಗಿ ನಿಂತುಹೋದವು. ಅದರ ರಚನೆಯನ್ನು ಮಾರ್ಪಡಿಸಿ ತಯಾರಿಸಿದ ಟೊಪೊಟೆಕಾನ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1996ರಲ್ಲಿ, ಎಂದರೆ ಮೂವತ್ತು ವರ್ಷಗಳ ನಂತರ. ತಟ್ಟೆಯಲ್ಲಿ ಫಲ ಕಂಡ ಎಷ್ಟೋ ಸಾರಗಳು ಈ ದಾರಿಯ ಮೊದಲ ಮೈಲಿಗಲ್ಲನ್ನೂ ದಾಟುವುದಿಲ್ಲ.

ಆದ್ದರಿಂದ ಮಗಳಿಗೆ ಹೇಳಿ, ಪ್ರಕಟಣೆಯ ಪ್ರತಿ ಮತ್ತು ಮೂಲ ಪ್ರಬಂಧ ಎರಡನ್ನೂ ತರಿಸಿಕೊಳ್ಳಿ. ಪ್ರಯೋಗ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದನ್ನು ಮೊದಲು ನೋಡಿ. ಬಳಸಿದ್ದು ಇಡೀ ಎಲೆಯ ಸಾರವೋ, ಬೇರ್ಪಡಿಸಿದ ಒಂದೇ ವಸ್ತುವೋ, ಆರೋಗ್ಯವಂತ ಕೋಶಗಳ ಮೇಲೂ ಅದನ್ನು ಹಾಕಿ ನೋಡಿದ್ದಾರೆಯೇ ಎಂಬುದನ್ನು ಆಮೇಲೆ ಹುಡುಕಿ. ಈ ಕೊನೆಯ ಪ್ರಯೋಗವನ್ನು ನಾವು ಮಾಡಿರಲಿಲ್ಲ. ಮನೆಯಲ್ಲಿ ಯಾರಾದರೂ ಚಿಕಿತ್ಸೆಯಲ್ಲಿದ್ದು ಅದಕ್ಕಾಗಿಯೇ ಕೇಳಿದ್ದರೆ, ಪತ್ರಿಕೆಯ ತುಣುಕನ್ನು ಅವರ ವೈದ್ಯರಿಗೆ ತೋರಿಸಿ. ಅವರು ಹೇಳುವವರೆಗೆ ಈಗಿನ ಔಷಧವನ್ನು ನಿಲ್ಲಿಸಬೇಡಿ, ಯಾವ ಎಲೆಯನ್ನೂ ಕುದಿಸಬೇಡಿ.